ತೊಡೆಯ ಮೇಲಿನ ಗೆರೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಎದುರಿಗೆ ಹೂಂಗುಟ್ಟಿ, ಆಮೇಲೆ ಮನೆಯಲ್ಲಿ ನಗುತ್ತಿದ್ದವನು ನಾನು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಹೊಸಕೆರೆಹಳ್ಳಿಯಲ್ಲಿ ನನ್ನದೊಂದು ಬೈಕ್ ವಾಟರ್ ಸರ್ವಿಸ್ ಅಂಗಡಿ ಇದೆ. ದಿನವಿಡೀ ಕಾಲು ನೀರಿನಲ್ಲೇ. ಬೆರಳ ಸಂದಿಯಲ್ಲಿ ಕೆಸರುಹುಣ್ಣು ಇದ್ದೇ ಇರುತ್ತಿತ್ತು. ಅರಿಸಿನ ಹಚ್ಚಿ ಮರೆಯುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಚಳಿಜ್ವರ ಬಂತು. ಬೆಳಗ್ಗೆ ನೋಡಿದರೆ ಎಡಗಾಲು ಊದಿ, ಕಣಕಾಲಿನ ಮೇಲಿನವರೆಗೂ ಕೆಂಪಾಗಿತ್ತು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಆ್ಯಂಟಿಬಯೋಟಿಕ್ ಮಾತ್ರೆ ಬರೆದು, ಕೆಂಪು ಮುಗಿಯುವ ಕಡೆ ಕಾಲಿನ ಸುತ್ತ ಪೆನ್ನಿನಿಂದ ಗೆರೆ ಎಳೆದರು.

“ಕೆಂಪು ಈ ಗೆರೆ ದಾಟಿದ್ರೆ ಕಾಯ್ತಾ ಕೂತ್ಕೋಬೇಡಿ. ಅಡ್ಮಿಟ್ ಆಗಿಬಿಡಿ,” ಅಂದರು.

ಮರುದಿನವೇ ದಾಟಿತು. ಜೆ.ಪಿ. ನಗರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಡ್ರಿಪ್ಪಿನಲ್ಲಿ ಔಷಧಿ ಶುರುವಾಯಿತು. ಮೊಣಕಾಲಿನ ಕೆಳಗೆ ಎರಡನೆಯ ಗೆರೆ ಬಿತ್ತು. ಅದನ್ನೂ ದಾಟಿ ಕೆಂಪು ಮೊಣಕಾಲಿಗೆ ಏರಿತು. ಹೊದಿಕೆ ತಾಗಿದರೂ ಕಿರುಚುವಷ್ಟು ಉರಿ. ನನ್ನದೇ ಕಾಲಿನಲ್ಲಿ ಅದು ಏರುತ್ತಿತ್ತು, ನಾನು ನೋಡುತ್ತಾ ಮಲಗಿದ್ದೆ.

ಬೆಳಗಿನ ರೌಂಡ್ಸಿಗೆ ಬಂದ ಡಾಕ್ಟರ್ ಮೇಡಂ ಕಾಲು ನೋಡಿ, “ಈ ಔಷಧಿಗೆ ಇನ್ಫೆಕ್ಷನ್ ಬಗ್ತಿಲ್ಲ. ಬೇರೆ ಶುರು ಮಾಡ್ತೀನಿ. ಇದಕ್ಕೂ ನಿಲ್ದಿದ್ರೆ ಆಪರೇಷನ್ ಮಾಡ್ಬೇಕಾಗುತ್ತೆ,” ಅಂದರು.

“ಕಾಲು ಉಳಿಯುತ್ತಾ ಮೇಡಂ?” ಅಂತ ನನ್ನ ಹೆಂಡತಿ ಮಂಜುಳ ಕೇಳಿದಳು.

“ನೋಡೋಣಮ್ಮ.”

ಹೊಸ ಔಷಧಿ ಇಳಿಯುತ್ತಿದ್ದ ಹಾಗೇ ಮಧ್ಯಾಹ್ನ ನನಗೆ ಜೋಂಪು ಹತ್ತಿತು. ಎಚ್ಚರವಾದಾಗ ಮಂಜುಳ ಎದ್ದು ನಿಂತು ನನ್ನ ತೊಡೆಯನ್ನೇ ನೋಡುತ್ತಿದ್ದಳು.

“ಇದನ್ನ ಯಾರು ಹಾಕಿದ್ರು ರೀ?”

ಮೊಣಕಾಲಿನಿಂದ ಒಂದು ಗೇಣು ಮೇಲೆ, ತೊಡೆಯ ಸುತ್ತ ನೀಲಿ ಗೆರೆ. ಒಳಮಗ್ಗುಲಲ್ಲಿ ಅದು ನಾಲಿಗೆಯ ಹಾಗೆ ಮೇಲಕ್ಕೆ ಚಾಚಿ, ಮತ್ತೆ ಇಳಿದಿತ್ತು. ಅಲ್ಲಿ ಕೆಂಪೇ ಇರಲಿಲ್ಲ. ಅದಿನ್ನೂ ಮೊಣಕಾಲಿನಲ್ಲೇ ಇತ್ತು. ಅಲ್ಲಿಯವರೆಗೆ ಮಂಜುಳ ಕುರ್ಚಿ ಬಿಟ್ಟು ಎದ್ದಿರಲಿಲ್ಲ, ಕಣ್ಣೂ ಮುಚ್ಚಿರಲಿಲ್ಲವಂತೆ. ಕಾಲೆತ್ತದೆ ತೊಡೆಯ ಅಡಿಗೆ ಗೆರೆ ಎಳೆಯಲಾಗದು. ಯಾರಾದರೂ ಎತ್ತಿದ್ದರೆ ನಾನು ಕೂಗಿ ವಾರ್ಡನ್ನೇ ಎಬ್ಬಿಸುತ್ತಿದ್ದೆ.

ನರ್ಸ್ ಬಂದು ನೋಡಿದರು. “ನಮ್ಮವ್ರು ಯಾರೂ ಹಾಕಿಲ್ಲ ಅಂಕಲ್. ಕೆಂಪಿರೋ ಕಡೆ ತಾನೇ ಗೆರೆ ಹಾಕೋದು? ಚೆನ್ನಾಗಿರೋ ಕಾಲಿಗೆ ಯಾಕೆ ಹಾಕ್ತಾರೆ?” ಎಂದು ಸ್ಪಿರಿಟ್ ಹತ್ತಿ ತೆಗೆದು ಒರೆಸಲು ಬಗ್ಗಿದರು.

“ಬೇಡ, ಇರ್ಲಿ ಬಿಡಿ,” ಅಂದಳು ಮಂಜುಳ. ಯಾಕೆ ಅಂತ ನಾನು ಕೇಳಲಿಲ್ಲ. ನನಗೂ ಅದೇ ಭಯ. ಆ ಗೆರೆ ಅಳಿಸಿದರೆ ಕೆಂಪಿಗೆ ಎಲ್ಲೆಯೇ ಇರುವುದಿಲ್ಲ ಅನ್ನಿಸಿತ್ತು.

ಸಂಜೆಯ ಹೊತ್ತಿಗೆ ಕೆಂಪು ಮತ್ತೆ ಏರತೊಡಗಿತು. ಮಂಜುಳ ಆಗಾಗ ಬಗ್ಗಿ ನೋಡುವಳು, ಮತ್ತೆ ಕುರ್ಚಿಗೆ ಮರಳುವಳು. ಅವಳ ಮುಖ ನೋಡಿಯೇ ನನಗೆ ತಿಳಿಯುತ್ತಿತ್ತು. ಕೊನೆಗೆ ನಾನು ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟೆ.

ಬೆಳಗಾಗುವಷ್ಟರಲ್ಲಿ ಕೆಂಪು ಗೆರೆಯನ್ನು ಮುಟ್ಟಿತ್ತು. ಸುತ್ತಲೂ, ಒಳಮಗ್ಗುಲಿನ ಆ ನಾಲಿಗೆಯ ತುದಿಯವರೆಗೂ, ಅಳತೆ ಕೊಟ್ಟು ಹೊಲಿಸಿದ ಹಾಗೆ. ಗೆರೆಯಿಂದಾಚೆ ಒಂದು ಕೂದಲೆಳೆಯಷ್ಟೂ ಇರಲಿಲ್ಲ.

ಡಾಕ್ಟರ್ ಮೇಡಂ ಬಂದು ನೋಡಿ, “ಯಾರು ಮಾರ್ಕ್ ಮಾಡಿದ್ದು? ಕರೆಕ್ಟಾಗಿ ಮಾಡಿದ್ದಾರೆ,” ಅಂದರು.

ಅಂದಿನಿಂದ ಕೆಂಪು ಇಳಿಯಿತು. ಕಾಲು ಉಳಿಯಿತು. ಉಳಿಸಿದ್ದು ಆ ಎರಡನೆಯ ಔಷಧಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ಡಿಸ್ಚಾರ್ಜ್ ದಿನ ಮೇಡಂಗೆ ಗೆರೆಯ ವಿಷಯ ಹೇಳಿದೆ. “ಜ್ವರದಲ್ಲಿ ಹಂಗೆಲ್ಲ ಅನ್ಸುತ್ತೆ ಸಾರ್,” ಎಂದು ನಕ್ಕರು. ಇರಬಹುದು. ಆದರೆ ಮಂಜುಳಗೆ ಜ್ವರವಿರಲಿಲ್ಲ.

ಮನೆಗೆ ಬಂದ ಮೇಲೆ ಕಾಲಿನ ಚರ್ಮ ಹಾಳೆ ಹಾಳೆಯಾಗಿ ಸುಲಿಯತೊಡಗಿತು. ಹಾಗೇ ಆಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು. ಗೆರೆಯೂ ಚರ್ಮದ ಜೊತೆಗೇ ಹೋಯಿತು. ಮಂಜುಳ ಆ ಚೂರುಗಳನ್ನು ಗುಡಿಸಿ ಹಾಕಲು ಹಿಂಜರಿದು, ಬಹಳ ಹೊತ್ತು ಪೊರಕೆ ಹಿಡಿದು ನಿಂತಿದ್ದಳು.