ಒದ್ದೆಯಾಗದ ಪ್ಯಾಡು

ನಾಯಿ ಉಚ್ಚೆ ಹೊಯ್ಯಲಿ ಎಂದು ನಾನು ದೇವರಿಗೆ ಹರಕೆ ಹೊತ್ತವಳು. ಕೇಳಿದವರು ನಗುತ್ತಾರೆ. ನಗಲಿ, ನನಗೇನಂತೆ! ಆ ದಿನ ನನ್ನ ಜಾಗದಲ್ಲಿ ಅವರಿದ್ದಿದ್ದರೆ ಗೊತ್ತಾಗುತ್ತಿತ್ತು.

ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಹುಳುಮನೆ, ಅದರಾಚೆ ಹಿಪ್ಪುನೇರಳೆ ತೋಟ. ತೋಟ ನನ್ನ ಗಂಡನದು, ಹುಳುಮನೆ ನನ್ನ ಅತ್ತೆಯದು, ನಾಯಿ ನನ್ನದು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದು ನಾನು ಮುದ್ದಾಡುವುದು ಅದನ್ನೇ. ಬಿಳಿಯ ಪಾಮರೇನಿಯನ್, ಎತ್ತಿದರೆ ಒಂದು ಸೋರೆಕಾಯಿ ಭಾರವೂ ಇಲ್ಲ. ಮುದಿಯಾಗಿದ್ದರೂ ಮನೆಯಲ್ಲಿ ಎಲ್ಲರಿಗೂ ಅದು ‘ಮರಿ’ಯೇ.

ಮರಿಗೆ ಮೂತ್ರಚೀಲದಲ್ಲಿ ಕಲ್ಲಾಯಿತು. ಚಿಕ್ಕಬಳ್ಳಾಪುರದ ಡಾಕ್ಟರು ಹೊಟ್ಟೆ ಕೊಯ್ದು ಕಲ್ಲು ತೆಗೆದು, ಮನೆಗೆ ಕಳಿಸುವಾಗ ಒಂದು ಮಾತು ಹೇಳಿದರು. “ಕಲ್ಲು ಮತ್ತೆ ಬರಬಹುದು ಮೇಡಂ. ಉಚ್ಚೆ ಹೋಗ್ತಿದೆಯಾ ಅಂತ ದಿನಾ ನೋಡ್ತಿರಿ. ನಿಂತ್ರೆ ಕಾಯ್ಬೇಡಿ, ಅವತ್ತೇ ಕರ್ಕೊಂಬನ್ನಿ. ಇಲ್ಲಾಂದ್ರೆ ಉಳಿಯಲ್ಲ.” ಆ ಕೊನೆಯ ಎರಡು ಪದ ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟವು.

ಅದನ್ನು ಹೊರಗೆ ಬಿಡುವ ಹಾಗಿರಲಿಲ್ಲ. ಬೀದಿನಾಯಿಗಳ ಕಾಟ ಒಂದು ಕಡೆ. ಇನ್ನೊಂದು ಕಡೆ, ಹುಳುಮನೆಗೆ ರೋಗ ಹೋಗದಿರಲೆಂದು ಅಂಗಳದ ತುಂಬ ಸುಣ್ಣ, ಬ್ಲೀಚಿಂಗ್ ಪೌಡರ್ ಚೆಲ್ಲಿರುತ್ತಾರೆ. ಅದರ ಮೇಲೆ ಓಡಾಡಿ ಕಾಲು ನೆಕ್ಕಿದರೆ ಮುಗಿಯಿತು. ಅದಕ್ಕೇ ಒಗೆದು ಮತ್ತೆ ಬಳಸುವ ಪ್ಯಾಡುಗಳನ್ನು ತರಿಸಿದೆ. ಮೇಲೆ ಮೆತ್ತನೆಯ ಬಟ್ಟೆ, ಒಳಗೆ ನೀರು ಹೀರುವ ದಪ್ಪ ಪದರ, ಕೆಳಗೆ ಜಾರದಂಥ ಪ್ಲಾಸ್ಟಿಕ್ಕು. ನಡುಮನೆಯ ಮೂಲೆಯಲ್ಲಿ ಒಂದನ್ನು ಹಾಸಿದೆ. ಮರಿ ಮೂಸಿ ನೋಡಿ, ಮೂರು ಸುತ್ತು ಹಾಕಿ, ಅದರ ಮೇಲೇ ಕೂತು ಹೊಯ್ದಿತು. ಜಾಣ ಕೂಸು!

ಒಗೆಯುವುದೇ ಕರ್ಮ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ನೊರೆ ಬರುವುದಿಲ್ಲ, ನಾತ ಬಿಡುವುದಿಲ್ಲ. ಡೆಟಾಲ್ ಹಾಕೋಣವೆಂದರೆ ಅತ್ತೆ ಬಿಡಬೇಕಲ್ಲ! ಘಾಟು ವಾಸನೆ ಹುಳುಮನೆಗೆ ಆಗದು. ನಮ್ಮ ಮನೆಯಲ್ಲಿ ಹುಳು ಇರುವಾಗ ಊದುಬತ್ತಿ ಕೂಡ ಹಚ್ಚುವುದಿಲ್ಲ. ಮೊದಲು ತಣ್ಣೀರಲ್ಲಿ ಜಾಲಿಸಬೇಕು, ಆಮೇಲೆ ಸೋಪಿನ ನೀರಲ್ಲಿ ನೆನೆಹಾಕಿ ಉಜ್ಜಬೇಕು. ಹಿಂಡಿದರೆ ಕೆಳಗಿನ ಪ್ಲಾಸ್ಟಿಕ್ಕು ಬಿರುಕು ಬಿಡುತ್ತದೆ, ಹಾಗಾಗಿ ಅಂಗೈಯಲ್ಲಿ ಒತ್ತಿ ಒತ್ತಿ ನೀರಿಳಿಸಬೇಕು. ದಿನಾ ಇದೇ ಕೆಲಸವಾಗಿ ನನ್ನ ಬೆರಳ ಸಂದುಗಳೆಲ್ಲ ಬಿರಿದು ಉಪ್ಪು ತಾಕಿದರೆ ಚುರ್ ಎನ್ನುತ್ತಿದ್ದವು.

ಅತ್ತೆ ಆ ಪ್ಯಾಡುಗಳ ಹತ್ತಿರವೂ ಸುಳಿಯುತ್ತಿರಲಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದು, “ಥೂ! ಏಂ ಖರ್ಮಾನೋ! ಹೆತ್ತ ಮಗೀಗಾದ್ರೂ ಇಷ್ಟು ಬಟ್ಟೆ ಒಗೀತಾರೇನಮ್ಮ ಯಾರಾದ್ರೂ?” ಎನ್ನುತ್ತಿದ್ದರು. ನಾಯಿ ಮುಟ್ಟಿದ ನಾನು ಹುಳುಮನೆಯ ಕಡೆ ಕಾಲಿಡಬಾರದು, ಅದರ ಹಿಂದಿನ ಜಾಗಕ್ಕೂ ಹೋಗಬಾರದು ಎಂದು ಅಪ್ಪಣೆ ಬೇರೆ. ನಾನೂ ಮುಖ ಊದಿಸಿಕೊಂಡು, ‘ನಿಮ್ಮ ಹುಳು ನಿಮಗೆ, ನನ್ನ ನಾಯಿ ನನಗೆ’ ಎಂದು ಮನಸ್ಸಲ್ಲೇ ಗೊಣಗಿಕೊಂಡು ಇದ್ದುಬಿಟ್ಟಿದ್ದೆ.

ಆ ದಿನ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೊನೆಯದು ಎದ್ದಮೇಲೆ ಹುಳು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ನಮ್ಮ ತೋಟದ ಸೊಪ್ಪು ಸಾಲದೆ ಗಂಡ ಬೆಳಿಗ್ಗೆಯೇ ಕೆಂಚಾರ್ಲಹಳ್ಳಿಗೆ ಹೋಗಿದ್ದರು. ನಾನು ಎದ್ದು ಮೂಲೆಯ ಪ್ಯಾಡು ಮುಟ್ಟಿ ನೋಡಿದೆ. ಒಣಗಿತ್ತು. ರಾತ್ರಿ ಹಾಸಿದ್ದು ಹಾಗೇ ಇತ್ತು. ಇನ್ನೂ ಹೊತ್ತಿದೆ, ಹೊಯ್ಯುತ್ತದೆ ಎಂದು ಸಮಾಧಾನ ಮಾಡಿಕೊಂಡು ಶಾಲೆಗೆ ಹೋದೆ. ಪಾಠ ಮಾಡಿದೆನೋ ಏನು ಮಾಡಿದೆನೋ, ಬಸ್ಸಿಳಿದು ಮನೆಗೆ ಓಡಿಬಂದು ಮತ್ತೆ ಪ್ಯಾಡು ಮುಟ್ಟಿದೆ. ಆಗಲೂ ಒಣ. ಅಂಗೈ ಒತ್ತಿದೆ, ಮೂಸಿದೆ, ತಿರುಗಿಸಿ ನೋಡಿದೆ. ಒಂದು ಹನಿಯಿಲ್ಲ.

ಮರಿ ಬಾಲ ಅಲ್ಲಾಡಿಸುತ್ತಿತ್ತು. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ಹೋದ ಸಲ ಉಚ್ಚೆ ಕಟ್ಟಿಕೊಂಡಾಗಲೂ ಮೊದಲು ಹೀಗೇ ಇತ್ತು. ಅತ್ತೆ ಹುಳುಮನೆಯ ಬಾಗಿಲು ಹಾಕಿಕೊಂಡು ಸೊಪ್ಪು ಹಾಕುತ್ತಿದ್ದರು. ಅವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಾಯಿ ವಿಷಯ ಅವರನ್ನೇನು ಕೇಳುವುದು? ತರಕಾರಿ ಬುಟ್ಟಿಗೆ ಒಂದು ಪ್ಯಾಡು ಹಾಸಿ ಮರಿಯನ್ನು ಕೂರಿಸಿಕೊಂಡು ಆಟೊ ಹಿಡಿದೆ. ದಾರಿಯುದ್ದಕ್ಕೂ ಬುಟ್ಟಿಯೊಳಗೆ ಕೈ ಬಿಟ್ಟು ತಡವಿದ್ದೇ ತಡವಿದ್ದು. “ಹುಯ್ಯೋ ಕಂದ, ಒಂದೇ ಒಂದು ಸಲ ಹುಯ್ಯೋ” ಎಂದು ಬಾಯಿಬಿಟ್ಟು ಬೇಡಿಕೊಂಡೆ. ಆಟೊದವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಇನ್ನಷ್ಟು ಜೋರಾಗಿ ಓಡಿಸಿದರು. ಹರಕೆ ಹೊತ್ತಿದ್ದು ಆಗಲೇ.

ಡಾಕ್ಟರು ಮರಿಯ ಹೊಟ್ಟೆ ಒತ್ತಿ ನೋಡಿದರು. “ಉಚ್ಚೆ ಚೀಲ ಖಾಲಿ ಇದೆಯಲ್ಲ ಮೇಡಂ. ಹೊಯ್ದಿರ್ಬೇಕು.”

“ಇಲ್ಲ ಸಾರ್, ನಿನ್ನೆ ರಾತ್ರಿಯಿಂದ ಒಂದು ಹನಿ ಇಲ್ಲ. ನಾನೇ ನೋಡಿದ್ದೀನಿ.”

ಅವರ ಮುಖ ಬದಲಾಯಿತು. “ಗ್ಯಾರಂಟೀನಾ? ಹಂಗಾದ್ರೆ ಕಿಡ್ನಿ ಉಚ್ಚೆ ಮಾಡೋದೇ ನಿಲ್ಸಿರ್ಬೇಕು. ರಕ್ತ ತೆಗ್ದು ನೋಡಣ. ಅದೇ ಆಗಿದ್ರೆ… ಈ ವಯಸ್ಸಿಗೆ ಹೆಚ್ಚು ಮಾಡಕ್ಕಾಗಲ್ಲ ಮೇಡಂ.”

ಕಟ್ಟಿಕೊಂಡಿದ್ದರೆ ಬಿಡಿಸಬಹುದಿತ್ತು, ಬತ್ತಿಹೋದದ್ದನ್ನು ಏನು ಮಾಡುವುದು? ರಕ್ತ ತೆಗೆಯಲೆಂದು ಡಾಕ್ಟರು ಮುಂಗಾಲಿನ ಕೂದಲು ಬೋಳಿಸುತ್ತಿದ್ದಾಗ ಮರಿ ನನ್ನ ಬಿರಿದ ಬೆರಳು ನೆಕ್ಕುತ್ತಿತ್ತು. ನಾಚಿಕೆ ಬಿಟ್ಟು ಗೊಳೋ ಎಂದು ಅತ್ತುಬಿಟ್ಟೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತೆ.

“ಎಲ್ಲೋದ್ಯಮ್ಮ? ಮರಿ ಕಾಣ್ತಿಲ್ವಲ್ಲ!”

“ಆಸ್ಪತ್ರೇಲಿದೀನಿ ಅತ್ತೆ. ಮರಿ ಉಚ್ಚೇನೇ ಹೊಯ್ದಿಲ್ಲ…”

“ಯಾರಂದ್ರು? ಬೆಳಿಗ್ಗೆ ನೀನು ಏಳಕ್ಮುಂಚೆ ಒಂದು ಸಲ ಹೊಯ್ತು, ಮದ್ಯಾನ ಇನ್ನೊಂದು ಸಲ. ತೆಗ್ದು ಬೇರೇದು ಹಾಸಿದೀನಿ. ಒಗ್ದು ಹುಳುಮನೆ ಹಿಂದೆ, ಹುಳದ ಬಲೆ ಒಣಗ್ಸೋ ತಂತಿ ಮೇಲೆ ಹಾಕಿದೀನಿ ಕಣಮ್ಮ.”

“ನೀವಾ? ನೀವು ಯಾಕೆ ಅತ್ತೆ…”

“ಇನ್ನೇನು ಮಾಡ್ಲಿ? ನಿನ್ನೆ ಅನ್ನ ಕಲಸ್ವಾಗ ನಿನ್ನ ಕೈ ನೋಡ್ದೆ. ಏನಮ್ಮ ಅದು, ಕೆರೆ ಮಣ್ಣು ಬಿರಿದಂಗೆ ಬಿರಿದೋಗಿದೆ! ಒದ್ದೆ ಹಾಸಿನ ಮೇಲೆ ನಾವು ಹುಳಾನೇ ಬಿಡಲ್ಲ, ಮರೀನ ಹೆಂಗೆ ಬಿಡ್ಲಿ? ಆಮೇಲೆ ತಲೆಗೆ ನೀರುಯ್ಕೊಂಡೇ ಹುಳುಮನೆ ಒಳಗೋದೆ, ನೀನೇನು ಹೆದರ್ಬೇಡ.”

ಹುಳು ಸಾಕುವವರ ಅಭ್ಯಾಸವೇ ಅದು. ಹೊಸ ಸೊಪ್ಪು ಹಾಕುವ ಮುಂಚೆ ತಿಂದುಳಿದ ಸೊಪ್ಪು, ಹಿಕ್ಕೆಯ ಹಳೆಯ ಹಾಸು ತೆಗೆಯಬೇಕು, ಸದ್ದಿಲ್ಲದೆ ತೆಗೆಯಬೇಕು. ಅದನ್ನು ಯಾರೂ ಯಾರಿಗೂ ಹೇಳಿಕೊಂಡು ಮಾಡುವುದಿಲ್ಲ. ಡಾಕ್ಟರು ಸಿರಿಂಜು ಕೆಳಗಿಟ್ಟು, “ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳಿ” ಎಂದರು. ನಾನು ಅಳುತ್ತಲೇ ನಗುತ್ತಿದ್ದೆ.

ಅಂದಿನಿಂದ ನಮ್ಮಿಬ್ಬರಲ್ಲಿ ಒಂದು ಒಪ್ಪಂದ. ಒಗೆಯುವುದು ಅವರೇ ಆದರೂ ನಾನು ನೋಡುವ ತನಕ ನೀರಿಗೆ ಹಾಕುವಂತಿಲ್ಲ. ದಿನಾ ಬೆಳಿಗ್ಗೆ ಒದ್ದೆ ಪ್ಯಾಡನ್ನು ನನ್ನ ಮುಖದ ಮುಂದೆ ಹಿಡಿದು, “ನೋಡ್ದಾ? ಕಣ್ತುಂಬ ನೋಡ್ಕೊ. ಒಗೀಲಾ?” ಎನ್ನುತ್ತಾರೆ. ಸೆರಗು ಈಗಲೂ ಮೂಗಿನ ಮೇಲೇ.

ಇವತ್ತು ಬೆಳಿಗ್ಗೆ ಆ ದನಿ ಕೇಳಲಿಲ್ಲ. ಹಾಲು ಒಲೆಯ ಮೇಲಿತ್ತು, ಆರಿಸದೆ ಹಾಗೇ ಬಿಟ್ಟು ನಡುಮನೆಗೆ ಓಡಿದೆ. ಅತ್ತೆ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಮೂಗಿನ ಮೇಲೆ ಸೆರಗಿರಲಿಲ್ಲ. ಮುಂದೆ ಒಣ ಪ್ಯಾಡು, ಅದರ ಮೇಲೆ ಮರಿ ಸುತ್ತು ಹಾಕುತ್ತಿತ್ತು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹಿಂದಕ್ಕೆ ಕೈಚಾಚಿ ನನ್ನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಶ್! ಇರು ಕಣಮ್ಮ, ಮಾತಾಡ್ಬೇಡ. ಈಗ ಕೂರ್ತಾ ಇದೆ.”