ಬಿಗಿ ತೋಳಿನ ರವಿಕೆ

ಬಾಯಮ್ಮನ ಬಾಯಿಯ ಎಡಮೂಲೆಯಲ್ಲಿ ಯಾವಾಗಲೂ ನಾಲ್ಕೈದು ಗುಂಡುಸೂಜಿಗಳು. ಅವನ್ನು ತುಟಿಯಲ್ಲಿ ಕಚ್ಚಿಕೊಂಡೇ ಅವರು ನಗುವುದು, ಬೈಯುವುದು, ದಾರಿಯಲ್ಲಿ ಹೋಗುವವರನ್ನು ಕರೆದು ಸುದ್ದಿ ಕೇಳುವುದು. ಮಾತಿನ ಭರದಲ್ಲಿ ಒಂದು ಸೂಜಿಯಾದರೂ ಕೆಳಗೆ ಬಿದ್ದದ್ದನ್ನು ನಾನು ಕಂಡವಳಲ್ಲ.

ನಮ್ಮೂರು ಶಿರಿಯದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಬರೀ ಒಂದು ಬೇಲಿ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಬಾಯಮ್ಮ ಎಂದೇ ಕರೆಯುವುದು. ನನಗೆ ಅದೇ ಅವರ ಹೆಸರು. ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗುವಾಗ ನನ್ನನ್ನು ಅವರ ಜಗಲಿಯಲ್ಲಿ ಬಿಟ್ಟು ಹೋಗುತ್ತಿದ್ದರು. ಹೊಲಿಗೆ ಮಿಷನ್ನಿನ ಪಕ್ಕ, ಬಟ್ಟೆಯ ಚೂರುಗಳ ಮೇಲೆ ಕೂತು, ಅಳತೆ ಕೊಡಲು ಬಂದ ಹೆಂಗಸರ ಬಾಯಿಂದ ನಾನು ಮಾತು ಕಲಿತೆ. "ಹೋದ ವರ್ಷದ ಅಳತೆಗೇ ಹೊಲಿಯಿರಿ ಬಾಯಮ್ಮ" ಎಂದು ಯಾರಾದರೂ ನಾಚಿಕೊಂಡು ಹೇಳಿದರೆ, "ಹೋದ ವರ್ಷದ ಮೈ ತಂದಿದ್ದೀಯಾ?" ಎಂದು ಟೇಪು ಎಳೆಯುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಮದುಮಗಳ ರವಿಕೆ ಎಂದರೆ ಅವರ ಕೈಯದ್ದೇ ಆಗಬೇಕಿತ್ತು.

ಗಂಡ ತೀರಿಕೊಂಡು ಒಬ್ಬರೇ ಇದ್ದಾಗ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮಂಗಳೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಕೀಮೋದ ಮದ್ದಿಗೆ ಕೈಯ ನರಗಳೆಲ್ಲ ಕಪ್ಪಾಗಿ ಗಟ್ಟಿಯಾದವು. ಆಮೇಲೆ ಬಲತೋಳಿನ ಒಳಬದಿಯಿಂದ ತೆಳ್ಳಗಿನ ನಳಿಗೆಯೊಂದನ್ನು ನರದೊಳಗೆ ಏರಿಸಿ ಹೃದಯದ ಹತ್ತಿರದವರೆಗೆ ಮುಟ್ಟಿಸಿದರು. ಪಿಕ್ ಲೈನ್ ಎಂದು ಅದರ ಹೆಸರು. ಹೊರಗೆ ಕಾಣುವುದು ಪಾರದರ್ಶಕ ಪಟ್ಟಿಯ ಕೆಳಗೆ ತೋಳಿಗೆ ಅಂಟಿಸಿದ ಗೇಣುದ್ದದ ತುಂಡು ಮಾತ್ರ.

"ನೋವಾಯಿತಾ?" ಎಂದು ಕೇಳಿದೆ.

"ಎಂತದೂ ಇಲ್ಲ ಮಾರಾಯ್ತಿ. ಲಂಗಕ್ಕೆ ಲಾಡಿ ಏರಿಸಿದ ಹಾಗೆ. ಅವರಿಗೆ ಪಿನ್ನು ಬೇಕಾಗಲಿಲ್ಲ, ಅಷ್ಟೆ."

ನರ್ಸ್ ಎಲ್ಲ ಬಿಡಿಸಿ ಹೇಳಿದ್ದರು. ವಾರಕ್ಕೊಮ್ಮೆ ಬಂದು ಪಟ್ಟಿ ಬದಲಿಸಬೇಕು, ನಳಿಗೆಯೊಳಗೆ ಸಲೈನ್ ಹಾಯಿಸಿ ತೊಳೆಸಬೇಕು. ನೀರು ತಾಗಬಾರದು, ಬಿಗಿ ತೋಳು ಹಾಕಬಾರದು, ಆ ಕೈಗೆ ಬಿಪಿ ಪಟ್ಟಿ ಕಟ್ಟಲು ಬಿಡಬಾರದು. ಪಟ್ಟಿ ಎದ್ದರೆ, ತೋಳು ಕೆಂಪಾದರೆ, ಊದಿದರೆ, ಜ್ವರ ಬಂದರೆ ಅದೇ ದಿನ ಬರಬೇಕು. ಬಾಯಮ್ಮ ಮನೆಗೆ ಬಂದವರೇ ತಮಗೊಂದು ಸಡಿಲ ತೋಳಿನ ರವಿಕೆ ಹೊಲಿದುಕೊಂಡರು. ತೋಳಿನುದ್ದಕ್ಕೂ ಟಿಚ್ ಬಟನ್ನು. ಡ್ರೆಸ್ಸಿಂಗ್ ಮಾಡುವಾಗ ಟಕಟಕನೆ ಬಿಚ್ಚುವುದು. ಬಿಪಿ ನೋಡಲು ಬಂದವರಿಗೆ ಎಡಗೈ ಚಾಚಿ, "ಇದು ನಿಮ್ಮದು, ಅದು ಡಾಕ್ಟರದ್ದು" ಎನ್ನುತ್ತಿದ್ದರು. ಗಡ್ಡೆ ಕರಗುತ್ತಾ ಬಂದಿದೆ ಎಂದು ಡಾಕ್ಟರು ಹೇಳಿದ ದಿನ ಇಬ್ಬರೂ ಐಸ್‌ಕ್ರೀಮ್ ತಿಂದೆವು.

ಹಾಳಾದದ್ದು ಊರಿನಲ್ಲಿ. ಮಗಳ ಮದುವೆಗೆ ರವಿಕೆ ಕಣಗಳನ್ನು ಕೊಟ್ಟಿದ್ದ ಒಬ್ಬಾಕೆ ಜಗಲಿಯಲ್ಲಿ ಕೂತಿದ್ದಳು. ಬಾಯಮ್ಮ ಕೈ ಎತ್ತಿದಾಗ ಸಡಿಲ ತೋಳು ಜಾರಿ ನಳಿಗೆ ಕಂಡಿತು. ಆಕೆ ಗಲಾಟೆಯೇನೂ ಮಾಡಲಿಲ್ಲ. "ಶುಭದ ಬಟ್ಟೆ ಅಲ್ವಾ ಬಾಯಮ್ಮ, ನಿಮಗೂ ಸುಸ್ತು. ನೀವು ವಿಶ್ರಾಂತಿ ತೆಗೊಳ್ಳಿ" ಎಂದು ಮೆಲ್ಲಗೆ ಕಣಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಕೆಯ ಹಿಂದಿನಿಂದ ಉಳಿದವರೂ ಬಂದು ಒಬ್ಬೊಬ್ಬರಾಗಿ ಬಟ್ಟೆ ವಾಪಸು ಕೊಂಡುಹೋದರು. ನನಗೆ ಮಾತು ಕಲಿಸಿದ ಬಾಯಿಗಳೇ ಬಸ್‌ಸ್ಟಾಪಿನಲ್ಲಿ ನನ್ನ ಹತ್ತಿರ, "ಅದು ಅಂಟುತ್ತದಾ?" ಎಂದು ಕೇಳಿದವು.

ಆ ವಾರವೇ ಬಾಯಮ್ಮ ಹೊಸ ರವಿಕೆ ಹೊಲಿದುಕೊಂಡರು. ಮೊಣಕೈವರೆಗೆ ಬಿಗಿಯಾದ, ಒಳಗೆ ದಪ್ಪ ಲೈನಿಂಗ್ ಕೊಟ್ಟ ತೋಳು. ನಳಿಗೆಯ ಗುರುತೇ ಹೊರಗೆ ಕಾಣದು. ಅದನ್ನು ತೆಗೆಸಿದ್ದಾರೆ ಎಂದು ಊರು ನಂಬಿತು. ಮದುಮಗಳ ತಾಯಿಯೂ ಕಣಗಳನ್ನು ಹಿಡಿದು ತಿರುಗಿ ಬಂದಳು.

ನಾನು ಜಗಳ ಮಾಡಿದೆ. ಸೆಕೆಗೆ ಬೆವರಿ ಪಟ್ಟಿಯ ಅಂಚು ಏಳುತ್ತಿತ್ತು. ಅದರ ಮೇಲೆ ಅಂಗಡಿಯ ಟೇಪು ಅಂಟಿಸಿಕೊಂಡಿದ್ದರು. "ಈ ರವಿಕೆಗಳು ಮುಗಿಯಲಿ, ಸಡಿಲದ್ದೇ ಹಾಕುತ್ತೇನೆ" ಎಂದರು. "ಕೆಲಸ ಬಿಟ್ಟು ಮಲಗಿದರೆ ನಾನು ರೋಗಿ ಮಾತ್ರ ಆಗಿ ಉಳಿಯುತ್ತೇನೆ ಮಾರಾಯ್ತಿ. ನನ್ನಿಂದಾಗುವುದಿಲ್ಲ."

ಜ್ವರ ಬಂದದ್ದನ್ನು ನನಗೂ ಹೇಳಲಿಲ್ಲ. ಡ್ರೆಸ್ಸಿಂಗಿನ ದಿನ ನರ್ಸ್ ರವಿಕೆಯ ಅಂಚಿನಿಂದ ನಳಿಗೆಯ ತುದಿ ಮಾತ್ರ ಹೊರಗೆಳೆದು ಮೊದಲು ಸಲೈನ್ ಹಾಯಿಸಿದರು. ಸ್ವಲ್ಪ ಹೊತ್ತಿಗೆ ಬಾಯಮ್ಮನಿಗೆ ಹಲ್ಲು ಕಟಕಟಿಸುವ ನಡುಕ. ರವಿಕೆ ಬಿಚ್ಚಿ ಪಟ್ಟಿ ಎತ್ತಿ ನೋಡಿದರೆ ತೋಳು ಕೆಂಪಾಗಿತ್ತು, ನಳಿಗೆಯ ಬಾಯಲ್ಲಿ ಕೀವು, ಚರ್ಮದ ಮೇಲೆ ಹೊಲಿಗೆಯ ಅಚ್ಚು. ನಂಜು ನಳಿಗೆಯ ದಾರಿ ಹಿಡಿದು ರಕ್ತಕ್ಕೆ ಇಳಿದಿತ್ತು.

"ಇಷ್ಟು ಬಿಗಿ ತೋಳು ಯಾರು ಹೊಲಿದದ್ದು?" ನರ್ಸ್ ರೇಗಿದರು.

"ನಾನೇ" ಎಂದರು ಬಾಯಮ್ಮ, ನಡುಗುತ್ತಲೇ. "ಫಿಟ್ಟಿಂಗ್ ಸರಿ ಉಂಟಲ್ಲ?"

ನಳಿಗೆ ತೆಗೆದು ಮದ್ದು ಕೊಟ್ಟರು. ಕೀಮೋದಿಂದ ಸೋತಿದ್ದ ಮೈಗೆ ತಡೆಯುವ ಶಕ್ತಿ ಇರಲಿಲ್ಲ. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟರು. ಮಣ್ಣು ಮಾಡುವ ದಿನ ಇಗರ್ಜಿಯ ಅಂಗಳದ ಶಿಲುಬೆಯ ಹತ್ತಿರ ಹೆಂಗಸರು ಅವರು ಹೊಲಿದ ರವಿಕೆಗಳನ್ನೇ ತೊಟ್ಟು ನಿಂತು, "ದೊಡ್ಡ ಕಾಯಿಲೆ, ಪಾಪ" ಎಂದರು. ಕೊಂದದ್ದು ಕಾಯಿಲೆಯಲ್ಲ ಎಂದು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮದುಮಗಳ ರವಿಕೆಗಳು ಮುಗಿದಿದ್ದವು. ಹುಕ್ಕು ಇಟ್ಟು, ಇಸ್ತ್ರಿ ಹಾಕಿ, ಮಡಚಿಟ್ಟಿದ್ದರು. ನಾನೇ ಕೊಂಡುಹೋಗಿ ಕೊಟ್ಟೆ. ಆ ತಾಯಿ ಮೆಟ್ಟಿಲಿನಿಂದ ಕೆಳಗಿಳಿಯಲಿಲ್ಲ, ಕೈಯನ್ನೂ ಚಾಚಲಿಲ್ಲ. "ಸತ್ತ ಮನೆಯದ್ದು ಮದುವೆಗೆ ಹೇಗೆ ಆಗುತ್ತದೆ? ನಾವು ಮಂಗಳೂರಿನಲ್ಲಿ ಬೇರೆ ಮಾಡಿಸಿದೆವು. ನೀನೇ ಇಟ್ಟುಕೋ."

ಅವು ಈಗ ನನ್ನ ಕಪಾಟಿನಲ್ಲಿವೆ. ನನ್ನ ಅಳತೆಯವಲ್ಲ, ಯಾರಿಗೂ ಕೊಡಲು ಮನಸ್ಸಿಲ್ಲ. ಒಮ್ಮೊಮ್ಮೆ ಬಿಡಿಸಿ ನೋಡುತ್ತೇನೆ. ಜ್ವರದ ಕೈಯಲ್ಲಿ ಹಾಕಿದ ಹೊಲಿಗೆ ಯಾವುದು ಎಂದು ಎಷ್ಟು ಹುಡುಕಿದರೂ ಗೊತ್ತಾಗುವುದಿಲ್ಲ.