ಹವಾಲ್ದಾರ ಕುಡಿದ ಬೆಲ್ಲ-ನೀರು

ನನ್ನ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಶಿರವಾಡದಿಂದ ಮದುವೆಯಾಗಿ ಬಂದ ಮೊದಲ ವಾರದಲ್ಲೇ ನಮ್ಮ ಅತ್ತೆಗೆ ಅದು ಗೊತ್ತಾಗಿತ್ತು. ಇಷ್ಟು ಜೋರಿನವಳು ನಾನು, ಮಾತಾಡಲೇಬೇಕಾಗಿದ್ದ ಒಂದು ಮಧ್ಯಾಹ್ನ ತುಟಿ ಹೊಲಿದುಕೊಂಡವಳ ಹಾಗೆ ಕೂತಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಗ ಉಪ್ಪಿನ ಗಲಾಟೆ, ಗದ್ದೆಯ ತೀರ್ವೆ ಕಟ್ಟೆವೆಂಬ ಗಲಾಟೆ ಎರಡೂ ತಣ್ಣಗಾಗಿದ್ದವು. ಜೈಲಿಗೆ ಹೋದವರು ತಿರುಗಿ ಬಂದು ಗದ್ದೆ ಉಳುತ್ತಿದ್ದರು. ಆದರೆ ಗಲಾಟೆಯ ಕಾಲಕ್ಕೆಂದು ನಮ್ಮೂರ ಹೊಳೆಯ ದೋಣಿಕಟ್ಟೆಯಲ್ಲಿ ಹಾಕಿದ ಪೊಲೀಸ್ ಚೌಕಿ ಮಾತ್ರ ಅಲ್ಲಿಂದ ಏಳಲಿಲ್ಲ. ನಮ್ಮದು ಹಟ್ಟಿಕೇರಿಯ ಹತ್ತಿರದ ಸಣ್ಣ ಊರು. ಅಂಕೋಲೆಯ ದವಾಖಾನೆಗೆ ಹೋಗಬೇಕಾದರೆ ಹೊಳೆ ದಾಟಬೇಕು. ಗುಡ್ಡ ಸುತ್ತಿ ರಸ್ತೆ ಹಿಡಿದರೆ ಅರ್ಧ ದಿನದ ಹಾದಿ. ದೋಣಿ ಹತ್ತಲು ಹವಾಲ್ದಾರನ ಚೀಟಿ ಬೇಕು. ಯಾರು, ಎಲ್ಲಿಗೆ, ಯಾಕೆ, ಯಾವಾಗ ತಿರುಗಿ ಬರುವುದು, ಎಲ್ಲ ಒಪ್ಪಿಸಬೇಕು. ಅವನು ಊಟಕ್ಕೆ ಕೂತಿದ್ದರೆ ಕಾಯಬೇಕು, ಮಲಗಿದ್ದರೆ ಏಳುವವರೆಗೆ ಕಾಯಬೇಕು. ಅಷ್ಟರಲ್ಲಿ ನೀರು ಇಳಿದು ದೋಣಿ ಕೆಸರಲ್ಲಿ ಕೂತರೆ ಮತ್ತೆ ಉಬ್ಬರ ಬರುವವರೆಗೆ ಕಾಯಬೇಕು.

ಹಿಂದಿನ ವರ್ಷ ಹಾಗೆ ಕಾದವಳು ನಾನು. ಹೆರಿಗೆ ಕಷ್ಟವಾಗಿ, ಸೂಲಗಿತ್ತಿ ಕೈಚೆಲ್ಲಿ, ಕಂಬಳಿಯ ಜೋಲಿಯಲ್ಲಿ ಹಾಕಿ ನನ್ನನ್ನು ದೋಣಿಕಟ್ಟೆಗೆ ಹೊತ್ತು ತಂದಿದ್ದರು. ಹವಾಲ್ದಾರ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಎಬ್ಬಿಸಲು ಹೋದ ನನ್ನ ಗಂಡನನ್ನು ಪೊಲೀಸಿನವ ಬಾಗಿಲಲ್ಲೇ ತಡೆದ. ಸಾಹೇಬ ಎದ್ದು, ಮುಖ ತೊಳೆದು, ಚೀಟಿ ಬರೆಯುವ ಹೊತ್ತಿಗೆ ನೀರು ಇಳಿದಿತ್ತು. ನನ್ನ ಮಗು ಅಲ್ಲೇ ಗೇರುಮರದ ನೆರಳಲ್ಲಿ ಹುಟ್ಟಿತು. ಗಂಡು. ಅಳಲಿಲ್ಲ.

ಮರುವರ್ಷ ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಹಾರವಾಡಕ್ಕೆ ಕೊಟ್ಟಿದ್ದೆವು. ಬಾಯಿ ಎಂಬುದೇ ಇಲ್ಲದ ಹುಡುಗಿ. ಊಟಕ್ಕೆ ಕೂತರೆ ಇನ್ನೊಂದು ತುತ್ತು ಬೇಕು ಎಂದು ಕೇಳಲಿಕ್ಕೂ ನಾಚಿಕೆ. ಬಂದ ದಿನ ಅಂಗಳದಲ್ಲಿ ಕಾಲು ತೊಳೆದು ಸೀದಾ ಅಡುಗೆಮನೆಗೆ ನುಗ್ಗಿದವಳನ್ನು ಅತ್ತೆ ಹಿಂದಕ್ಕೆ ಕರೆದು ಜಗಲಿಯಲ್ಲಿ ಕೂರಿಸಿ, ಕೈಗೆ ಬೆಲ್ಲ ಇಟ್ಟು ನೀರಿನ ತಂಬಿಗೆ ಕೊಟ್ಟರು.

"ನಾ ಎಂತಾ ನೆಂಟಳಾ ಅವ್ವಾ?" ಎಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಳು.

"ಕೊಟ್ಟ ಮೇಲೆ ಬೇರೆ ಒಲೆಯವಳು ನೀನು. ರೂಢಿ ಬಿಡೂಕೆ ಆಗೂದಿಲ್ಲ. ಕುಡಿ," ಎಂದರು ಅತ್ತೆ.

ಆ ರೂಢಿಯನ್ನು ಇಲ್ಲಿ ಹೇಳಲೇಬೇಕು. ಬಾಗಿಲಿಗೆ ಬಂದವರಿಗೆ ನೀರು ಕೊಡುವುದು ಎಲ್ಲ ಕಡೆಯೂ ಇದ್ದದ್ದೇ. ಆದರೆ ನೀರಿನ ಜೊತೆ ಬೆಲ್ಲ ಕೊಟ್ಟರೆ ನಮ್ಮೂರ ಸುತ್ತಮುತ್ತ ಅದಕ್ಕೊಂದು ಕಟ್ಟು ಇತ್ತು. ಕುಡಿದವನು ಆ ಮನೆಗೆ ಕೇಡು ಬಗೆಯಬಾರದು. ಕೊಟ್ಟ ಮನೆಯವರು ಅವತ್ತು ಹೊತ್ತು ಮುಳುಗುವವರೆಗೆ ಅವನ ಮೇಲೆ ದೂರು ಹೇಳಬಾರದು. ಕಟ್ಟು ಮುರಿದರೆ ಆ ಮನೆಯ ಬಸುರಿ ಬಾಣಂತಿಯರಿಗೆ ತಾಗುತ್ತದೆ ಎಂದು ನಂಬಿಕೆ. ಬರೀ ನೀರಿಗೆ ಏನೂ ಇಲ್ಲ. ಶಿರವಾಡದಲ್ಲಿ ನಾವೂ ಬೆಲ್ಲ ಕೊಡುತ್ತಿದ್ದೆವು, ಆದರೆ ಕಟ್ಟುಗಿಟ್ಟು ಇರಲಿಲ್ಲ. ಮೊದಮೊದಲು ನಾನು ನಗುತ್ತಿದ್ದೆ. ಮಗು ಹೋದ ಮೇಲೆ ಯಾವುದಕ್ಕೂ ನಗುವ ಧೈರ್ಯ ಉಳಿಯಲಿಲ್ಲ.

ಒಂಬತ್ತು ತುಂಬುವಾಗ ನಾದಿನಿಯ ಕಾಲು ಬಾತುಕೊಂಡವು. ಚೀಟಿ ಬರೆಸಿ, ಅರ್ಧ ದಿನ ಕಾದು, ಅಂಕೋಲೆಗೆ ಕರೆದುಕೊಂಡು ಹೋದೆವು. ನರ್ಸಬಾಯಿ ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದಳು. ಕೂಸು ಅಡ್ಡ ಮಲಗಿದೆ, ನೋವು ಶುರುವಾದ ಕೂಡಲೇ ತನ್ನಿ, ತಡವಾದರೆ ಇಬ್ಬರನ್ನೂ ಉಳಿಸಲು ನನ್ನ ಕೈಲಾಗದು ಎಂದಳು. ಮೊದಲೇ ಬಂದು ಇರೋಣವೆಂದರೆ ದವಾಖಾನೆಯಲ್ಲಿ ಜಾಗವಿಲ್ಲ, ಅಂಕೋಲೆಯಲ್ಲಿ ನಮಗೆ ನೆಂಟರೂ ಇಲ್ಲ. ತಿರುಗಿ ಬರುವಾಗ ದೋಣಿಕಟ್ಟೆಯಲ್ಲಿ ಇಳಿದು ಆ ಗೇರುಮರ ನೋಡಿದೆ.

ಅದೇ ವಾರ ಸುದ್ದಿ ಬಂತು: ತಾಲೂಕಿನ ಮಾಮಲೇದಾರರು ಊರಿಗೆ ಬರುತ್ತಾರೆ, ಶಾಲೆಯ ಅಂಗಳದಲ್ಲಿ ಸಭೆ ಕೂರಿಸಿ ಜನರ ಅಹವಾಲು ಕೇಳುತ್ತಾರೆ. ಊರವರು ಎರಡು ಮಾತು ಕೇಳಬೇಕೆಂದು ಗಟ್ಟಿ ಮಾಡಿಕೊಂಡರು. ಕಾಯಿಲೆಯವರಿಗೆ ದೋಣಿ ದಾಟಲು ಚೀಟಿ ಬೇಡ. ಡಾಕ್ಟರು ವಾರಕ್ಕೊಮ್ಮೆಯಾದರೂ ಹೊಳೆಯ ಈಚೆ ಬರಲಿ. ಸಾಹೇಬರೆದುರು ಮಾತಾಡಲು ಧೈರ್ಯ ಮಾಡಿದವರು ಮೂವರೇ: ಊರಗೌಡರು, ದೋಣಿಯವ, ನನ್ನ ಗಂಡ. ಗದ್ದೆಯ ಬದುವಿನ ಮೇಲೆ ನಿಲ್ಲಿಸಿಕೊಂಡು ನಾನು ಗಂಡನಿಗೆ ಮಾತು ಕಲಿಸಿದೆ.

"ಆ ಕೂಸಿನ ಸುದ್ದಿನೂ ಹೇಳೂದಾ?" ಎಂದು ಅವರು ನೆಲ ನೋಡುತ್ತ ಕೇಳಿದರು.

"ಅದನ್ನೇ ಹೇಳೂದು. ಮತ್ತೆ ಎಂತಾ ಹೇಳ್ತ್ರಿ, ಹವಾಲ್ದಾರ್ರ ಮೀಸೆ ಚಂದ ಅದೆ ಅಂತ್ರಾ?"

ಸಭೆಯ ದಿನ ಬೆಳಿಗ್ಗೆ ಗಂಡ ಗೌಡರ ಮನೆಗೆ ಹೋಗಿದ್ದರು, ಅತ್ತೆ ಕೊಟ್ಟಿಗೆಯಲ್ಲಿದ್ದರು. ನಾದಿನಿ ಒಳಗೆ ಕಾಲು ಚಾಚಿಕೊಂಡು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ನಾನು ಪಾತ್ರೆ ತಿಕ್ಕುತ್ತಿದ್ದೆ. ಅಂಗಳದಲ್ಲಿ ಬೂಟಿನ ಸದ್ದಾಯಿತು. ತಲೆ ಎತ್ತಿದರೆ ಹವಾಲ್ದಾರ. ಯಾವಾಗಲೂ "ಏಯ್" ಎಂದು ಕರೆಯುತ್ತಿದ್ದವನು ಅವತ್ತು ಟೋಪಿ ತೆಗೆದು ಜಗಲಿಯ ಅಂಚಿನಲ್ಲಿ ಕೂತ.

"ಬಿಸಿಲು ಏನು ತಂಗಿ! ಬಾಯಿ ಒಣಗಿ ಹೋಯ್ತು. ಆಸರಿಗೆ ಏನಾದ್ರೂ ಕೊಡು," ಎಂದ. ಒಳಗೆ ಇಣುಕಿ, "ನಿನ್ನ ನಾದಿನಿಗೆ ದಿನ ತುಂಬ್ತಾ?" ಎಂದೂ ಕೇಳಿದ.

ಬಾಯಾರಿ ಬಂದವನಿಗೆ ಇಲ್ಲ ಎನ್ನುವುದುಂಟೇ? ನೀರು ತರಲು ಒಳಗೆ ಹೋದೆ. ದೇವರಾಣೆ, ಬರೀ ನೀರು ಕೊಡಬೇಕೆಂದೇ ಹೋದೆ. ಆದರೆ ಆರು ವರ್ಷದ ಅಭ್ಯಾಸ. ಒಂದು ಕೈ ತಂಬಿಗೆಗೆ ಹೋದರೆ ಇನ್ನೊಂದು ತಾನಾಗಿ ಬೆಲ್ಲದ ಭರಣಿಗೆ ಹೋಗುತ್ತದೆ. ಅವನ ಅಂಗೈಗೆ ಬೆಲ್ಲ ಬಿದ್ದ ಮೇಲೇ ನನಗೆ ಎಚ್ಚರವಾದದ್ದು. ಅವನು ಅದನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಚಪ್ಪರಿಸಿ, ನೀರು ಕುಡಿದು, ಮೀಸೆ ಒರೆಸಿಕೊಂಡ.

"ಮಧ್ಯಾಹ್ನ ಸಭೆಗೆ ಬರ್ತೀಯಲ್ಲ ತಂಗಿ?" ಎಂದು ನಕ್ಕು ಎದ್ದುಹೋದ.

ಥೂ, ನನ್ನ ಕೈಗಿಷ್ಟು ಬೆಂಕಿ ಬೀಳಲಿ! ಸ್ವಲ್ಪ ಹೊತ್ತಿಗೆ ಗಂಡ ಬಂದರು.

"ಗೌಡರ ಮನೇಲೂ ಕುಡದಾನೆ. ದೋಣಿಯವನ ಹೆಂಡ್ತಿನೂ ಕೊಟ್ಟಾಳೆ," ಎಂದರು. ಜಗಲಿಯಲ್ಲಿದ್ದ ತಂಬಿಗೆ ಕಂಡು ಮಾತು ನಿಲ್ಲಿಸಿದರು.

ಮೂರು ವರ್ಷ ನಮ್ಮ ನಡುವೆ ಇದ್ದು ಆ ಮನುಷ್ಯ ಕಲಿತದ್ದು ಇದು. "ಇದೆಂತಾ ಕಟ್ಟು? ನಾ ಮುರೀತೆ. ನಾನೇ ಎದ್ದು ಹೇಳ್ತೆ," ಎಂದು ಕೂಗಿದೆ.

ಅತ್ತೆ ಕೊಟ್ಟಿಗೆಯಿಂದ ಬಂದು ನನ್ನ ಎದುರು ನಿಂತರು. ಬೈಯಲಿಲ್ಲ. "ಮುರಿಯೂದಾದ್ರೆ ಮುರಿ. ಒಳಗೆ ಯಾರು ಕೂತಾರೆ, ಒಂದು ಸಲ ನೋಡ್ಕಂಡು ಮುರಿ," ಎಂದರು.

ನೋಡಿದೆ. ನಾದಿನಿ ಮೊರ ತೊಡೆಯ ಮೇಲಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಳು. ಮತ್ತೆ ಕಟ್ಟು ಮುರಿಯುವ ಮಾತೆತ್ತದೆ ನಾನು ತಂಬಿಗೆ ತೊಳೆಯಲು ಕೂತೆ.

ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಜನ ತುಂಬಿತ್ತು. ಗಂಡಸರು ಮುಂದೆ, ಹೆಂಗಸರು ಹಿಂದೆ ಬೇಲಿಯ ಬದಿಗೆ. ಮಾಮಲೇದಾರರು ಅಂಕೋಲೆಯ ಕಡೆಯವರು, ವಯಸ್ಸಾದವರು. ಮೇಜಿನ ಹಿಂದೆ ಕೂತಿದ್ದರು. ಪಕ್ಕದಲ್ಲಿ ಬರೆಯುವ ಗುಮಾಸ್ತ. ಬೆನ್ನ ಹಿಂದೆ ಕೈಕಟ್ಟಿ ಹವಾಲ್ದಾರ. ನಾದಿನಿ ಬೇಡವೆಂದರೂ ಕೇಳದೆ ನನ್ನ ಜೊತೆ ಬಂದಿದ್ದಳು.

ಗೌಡರು ಎದ್ದು ಶಾಲೆಯ ಮಾಡು ಸೋರುತ್ತದೆ ಎಂದರು. ತೆಂಗಿನಕಾಯಿ ಕಳುವಾಗುತ್ತದೆ ಎಂದರು. ಹವಾಲ್ದಾರನನ್ನು ನೋಡಿ ಕೆಮ್ಮಿ ಕೂತರು. ದೋಣಿಯವ ಎದ್ದು ನಿಂತು ತನ್ನ ಕಾಲಬೆರಳು ನೋಡಿದ, ಹಾಗೇ ಕೂತ. ಕೊನೆಗೆ ನನ್ನ ಗಂಡ ಎದ್ದರು. ನಾನು ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡೆ.

"ನಮ್ಮದು... ಎಂತಾ ಇಲ್ಲ ಸಾಯ್ಬರೆ," ಎಂದರು.

"ದವಾಖಾನೆ, ಪೊಲೀಸು, ಯಾವುದರ ಬಗ್ಗೆನೂ ತಕರಾರಿಲ್ಲ?" ಮಾಮಲೇದಾರರು ಕನ್ನಡಕದ ಮೇಲಿಂದ ನೋಡಿದರು. ಗುಮಾಸ್ತ ಮಸಿಯಲ್ಲಿ ಲೇಖನಿ ಅದ್ದಿ, "ತಕರಾರು ಇಲ್ಲ ಅಂತ ಬರೆಯಲಾ?" ಎಂದು ಕೇಳಿದ.

ನನ್ನ ಹೆಗಲ ಮೇಲೆ ಭಾರ ಬಿತ್ತು. ನಾದಿನಿ ನನ್ನನ್ನು ಊರಿಕೊಂಡು ಏಳುತ್ತಿದ್ದಳು. ಅವಳಿಗೆ ನೋವು ಬಂತೆಂದೇ ಹೆದರಿ ನಾನು ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡಳು.

"ಬರೀಬೇಡ್ರಿ," ಎಂದಳು. "ಸಾಯ್ಬರೆ, ನಾ ಇಲ್ಲೇ ಹುಟ್ಟಿದವಳು, ಆದ್ರೆ ಹಾರವಾಡಕ್ಕೆ ಕೊಟ್ಟಾರೆ. ಈಗ ಈ ಊರಿಗೆ ನಾ ನೆಂಟಳು. ಇವತ್ತು ಇಲ್ಲಿಯವರಿಗೆ ಬಾಯಿ ಬಿಡೂಕೆ ಬರೂದಿಲ್ಲ. ನಂಗೆ ಬತ್ತದೆ."

ಹವಾಲ್ದಾರ "ಏಯ್" ಎಂದು ಮುಂದೆ ಬಂದ. ಮಾಮಲೇದಾರರು ಕೈ ಅಡ್ಡ ಹಿಡಿದರು.

"ಹೋದ ವರ್ಷ ನಮ್ಮ ಅತ್ತಿಗೆ ದೋಣಿಕಟ್ಟೆ ಮೇಲೆ ಹಡದ್ಲು. ಚೀಟಿ ಬರೆಯೂಕೆ ಇವರು ಎದ್ದಿರಲಿಲ್ಲ. ಏಳೂದ್ರೊಳಗೆ ನೀರು ಇಳೀತು, ಕೂಸು ಹೋಯ್ತು. ಇದನ್ನ ಅವಳೇ ಹೇಳೂದಿತ್ತು. ಬೆಳಿಗ್ಗೆ ಬಂದು ಅವಳ ಕೈಯಿಂದ ಬೆಲ್ಲ ತಿಂದ್ಕಂಡು ಹೋಗ್ಯಾರೆ." ಅವಳು ಉಸಿರು ತೆಗೆದುಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟಳು. "ನನ್ನ ಕೂಸು ಅಡ್ಡ ಮಲಗ್ಯದೆ. ನಂಗೆ ನೋವು ಬಂದಾಗ ಇವರು ಎದ್ದಿರ್ತರಾ, ಮಲಗಿರ್ತರಾ? ನೀವೇ ಕೇಳಿ ಹೇಳಿ."

ನನ್ನ ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು. ಇನ್ನೊಂದು ತುತ್ತು ಕೇಳಲು ನಾಚುವ ಹುಡುಗಿ!

ಬೇರೆ ಸಾಹೇಬನಾಗಿದ್ದರೆ ಬೆಲ್ಲದ ಮಾತು ತಿಳಿಯುತ್ತಿರಲಿಲ್ಲವೇನೋ. ಇವರು ಈ ತೀರದವರೇ, ಕಟ್ಟು ಬಲ್ಲವರು. ನಿಧಾನವಾಗಿ ಹಿಂದಕ್ಕೆ ತಿರುಗಿ, "ಹವಾಲ್ದಾರ, ಇವತ್ತು ಎಷ್ಟು ಮನೇಲಿ ಆಸರಿ ಆಯ್ತು ನಿಮ್ಮದು?" ಎಂದರು. ದೋಣಿಯವ ಕೂತಲ್ಲಿಂದಲೇ ಮೂರು ಬೆರಳು ಎತ್ತಿದ. ಕಟ್ಟು ಇದ್ದದ್ದು ಬಾಯಿಗೆ, ಬೆರಳಿಗಲ್ಲ. ಯಾರೋ ಕಿಸಕ್ಕೆಂದರು, ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ನಾನು ನಗಲಿಲ್ಲ, ಮಾಮಲೇದಾರರೂ ನಗಲಿಲ್ಲ. ಕಾಯಿಲೆಯವರಿಗೂ ಹೆರಿಗೆಯವರಿಗೂ ಅವರನ್ನು ಹೊತ್ತವರಿಗೂ ಚೀಟಿ ಕೇಳಕೂಡದು ಎಂದು ಅಲ್ಲೇ ಬರೆಸಿ, ಸಹಿ ಹಾಕಿ, ಒಂದು ಪ್ರತಿಯನ್ನು ಗೌಡರ ಕೈಗೆ ಕೊಟ್ಟರು. ಡಾಕ್ಟರ ವಿಷಯಕ್ಕೆ ಕಾರವಾರಕ್ಕೆ ಬರೆದು, ಉತ್ತರ ಬಂದ ಮೇಲೆ ಇನ್ನೊಂದು ಸಭೆ ಕರೆಯುತ್ತೇನೆ ಎಂದರು. ಚೌಕಿ ಮಾತ್ರ ಇದ್ದಲ್ಲೇ ಇತ್ತು, ಹವಾಲ್ದಾರನೂ.

ಒಂಬತ್ತನೆಯ ದಿನ ಬೆಳಗಿನ ಜಾವಕ್ಕೆ ನೋವು ಬಂತು. ಅದೇ ಕಂಬಳಿ, ಅದೇ ಜೋಲಿ, ಅದೇ ಹಾದಿ. ಗೌಡರಿಂದ ತಂದ ಕಾಗದವನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದಲ್ಲೇ ಓಡಿದೆ. ಚೌಕಿ ಕಾಣುತ್ತಲೇ ಅದನ್ನು ಕೈಯಿಂದ ಒತ್ತಿ ಹಿಡಿದೆ. ಕಾಗದ ಹರಿದು ಹಾಕಿದರೆ ಯಾರು ಕೇಳುವವರು? ನೀರು ಆಗಲೇ ಇಳಿಯುತ್ತಿತ್ತು.

"ಎದ್ದಾರಾ ಅತ್ತಿಗೆ?" ಜೋಲಿಯೊಳಗಿಂದ ನಾದಿನಿ ಕೇಳಿದಳು.

ಹವಾಲ್ದಾರ ಬಾಗಿಲಲ್ಲಿ ನಿಂತಿದ್ದ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. ಬಾಯಿ ತೆರೆದ. ನನ್ನ ಮುಖ ನೋಡಿ ಮುಚ್ಚಿದ.

"ಎದ್ದಾರೆ. ನೀ ಸುಮ್ನೆ ಮಲಗು," ಎಂದೆ. ದೋಣಿಯವ ಕೆಸರಿಗಿಳಿದು ಹೆಗಲು ಕೊಟ್ಟು ದೋಣಿ ನೂಕಿದ. ಗೇರುಮರದ ಕಡೆ ನಾನು ತಿರುಗಿ ನೋಡಲಿಲ್ಲ.

ನರ್ಸಬಾಯಿ ಕೂಸನ್ನು ತಿರುಗಿಸಿ ತೆಗೆದಳು, ನಾದಿನಿಯೂ ಉಳಿದಳು. ಕೂಸು ಹೆಣ್ಣು. ಅದರ ಅಳು ಹೊರಗೆ ಕೇಳಿದಾಗ ನಾನು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ಅರ್ಧ ಹೌದು.

ಎರಡು ತಿಂಗಳ ಮೇಲೆ ಮಾಮಲೇದಾರರು ಮತ್ತೆ ಬಂದರು. ಅವತ್ತು ಬೆಳಿಗ್ಗೆ, ನಂಬಿದರೆ ನಂಬಿ, ಹವಾಲ್ದಾರ ಮತ್ತೆ ನಮ್ಮ ಅಂಗಳಕ್ಕೆ ಬಂದ. ಎಂಥಾ ಗಟ್ಟಿ ಮುಖ ಮಾರಾಯ್ರೇ! ನೀರು ಕೇಳಿದ. ತುಂಬಿದ ತಂಬಿಗೆ ತಂದು ಮುಂದಿಟ್ಟೆ. ಅವನು ನನ್ನ ಬರಿಗೈ ನೋಡಿದ.

"ಬೆಲ್ಲ ಇಲ್ವಾ ತಂಗಿ?"

"ಭರಣಿ ತುಂಬ ಅದೆ. ಸಭೆ ಮುಗದ ಮೇಲೆ ಬನ್ನಿ," ಎಂದೆ.

ಆ ಮಧ್ಯಾಹ್ನ ಡಾಕ್ಟರ ಮಾತು ಶುರುವಾಗುವ ಮೊದಲೇ ನಾನು ಎದ್ದು ಮೇಜಿನವರೆಗೆ ನಡೆದುಹೋದೆ. ಹಿಂದಿನ ಸಭೆಯ ಕಾಗದ ಓದಿ ಹೇಳಲು ಗುಮಾಸ್ತನನ್ನು ಕೇಳಿದೆ. 'ಕಳೆದ ವರ್ಷ ದೋಣಿಕಟ್ಟೆಯಲ್ಲಿ ಒಂದು ಕೂಸು ತೀರಿಕೊಂಡಿತು' ಎಂದಿತ್ತು, ಅಷ್ಟೇ.

"ಗಂಡುಕೂಸು. ನಂದು. ಬರ್ಕಳ್ರಿ," ಎಂದೆ.

ಅವನು ಮಾಮಲೇದಾರರ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಬರೆದು ಮುಗಿಸುವವರೆಗೆ ನಾನು ಅಲ್ಲೇ ನಿಂತಿದ್ದೆ.